ಉಸಿರು ನಿಂತಾಗ ಸೂಜಿಯ ಮೂಲಕ ಪ್ರಾಣವಾಯು

ಉಸಿರಾಟ ನಿಂತ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿ ಆರಂಭವಾಗುತ್ತದೆ. ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡ ಮಗು, ನೀರಿನಲ್ಲಿ ಮುಳುಗಿದವರು, ಶ್ವಾಸಕೋಶದಲ್ಲಿ ರಕ್ತ ತುಂಬಿಕೊಂಡ ರೋಗಿ, ಇವರಿಗೆಲ್ಲ ಚಿಕಿತ್ಸೆ ದೊರೆಯುವಷ್ಟರಲ್ಲಿ ಎಷ್ಟೋ ಸಲ ಕಾಲ ಮೀರಿರುತ್ತದೆ. ಹಾಗಾದರೆ ಶ್ವಾಸಕೋಶದ ಹಂಗಿಲ್ಲದೆ ಆಮ್ಲಜನಕವನ್ನು ನೇರವಾಗಿ ರಕ್ತನಾಳಕ್ಕೇ ಚುಚ್ಚಬಾರದೇಕೆ?

ಪ್ರಶ್ನೆ ಸರಳ, ಉತ್ತರ ಸರಳವಲ್ಲ. ಬರೀ ಅನಿಲವನ್ನು ರಕ್ತನಾಳಕ್ಕೆ ಬಿಟ್ಟರೆ ಗುಳ್ಳೆಗಳು ಒಂದುಗೂಡಿ ರಕ್ತದ ಹರಿವನ್ನೇ ತಡೆಯುತ್ತವೆ. ಪ್ರಾಣ ಉಳಿಸಬೇಕಾದ ವಾಯುವೇ ಪ್ರಾಣ ತೆಗೆಯುತ್ತದೆ.

ವಿಜ್ಞಾನಿಗಳು ಆಗ ಆಮ್ಲಜನಕವನ್ನು ಹೊರಬಲ್ಲ ದ್ರವಗಳತ್ತ ತಿರುಗಿದರು. 1966ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಫ್ರಾಂಕ್ ಗೊಲ್ಲನ್ ಆಮ್ಲಜನಕ ತುಂಬಿದ ಫ್ಲೋರೋಕಾರ್ಬನ್ ದ್ರವದಲ್ಲಿ ಇಲಿಗಳನ್ನು ಮುಳುಗಿಸಿದರು. ಇಲಿಗಳು ಸಾಯಲಿಲ್ಲ, ದ್ರವವನ್ನೇ ಉಸಿರಾಡಿದವು! ಇಂಥ ದ್ರವದಿಂದ ಜಪಾನಿನಲ್ಲಿ ತಯಾರಾದ 'ಫ್ಲೂಸಾಲ್' ಎಂಬ ಔಷಧಕ್ಕೆ ಅಮೆರಿಕ 1989ರಲ್ಲಿ ಹೃದಯದ ರಕ್ತನಾಳ ಹಿಗ್ಗಿಸುವ ಚಿಕಿತ್ಸೆಗಾಗಿ ಅನುಮತಿ ನೀಡಿತು. ಆದರೆ 1994ರಲ್ಲಿ ಅದು ಮಾರುಕಟ್ಟೆಯಿಂದ ಮರೆಯಾಯಿತು. ಇಂಥ ದ್ರವಗಳಿಗೆ ಒಂದು ದೊಡ್ಡ ಮಿತಿಯೂ ಇತ್ತು. ಅವು ಆಮ್ಲಜನಕವನ್ನು ತುಂಬಿಕೊಳ್ಳಬೇಕಾದದ್ದು ಶ್ವಾಸಕೋಶದಲ್ಲಿಯೇ. ಉಸಿರೇ ನಿಂತವನಿಗೆ ಅವುಗಳಿಂದ ಏನು ಪ್ರಯೋಜನ?

2006ರಲ್ಲಿ ಬೋಸ್ಟನ್ ಮಕ್ಕಳ ಆಸ್ಪತ್ರೆಯ ವೈದ್ಯ ಜಾನ್ ಖೈರ್ ಅವರ ಚಿಕಿತ್ಸೆಯಲ್ಲಿದ್ದ ಪುಟ್ಟ ಹುಡುಗಿಯೊಬ್ಬಳ ಶ್ವಾಸಕೋಶದಲ್ಲಿ ರಕ್ತ ತುಂಬಿತು. ಹೃದಯ-ಶ್ವಾಸಕೋಶ ಯಂತ್ರ ಜೋಡಿಸುವ ಮುನ್ನವೇ ಮಿದುಳಿಗೆ ತೀವ್ರ ಹಾನಿಯಾಗಿ, ಆಕೆ ಬದುಕುಳಿಯಲಿಲ್ಲ. ಆ ಸಾವು ಖೈರ್ ಅವರನ್ನು ಸಂಶೋಧನೆಗೆ ಹಚ್ಚಿತು. ಅವರ ತಂಡ ಆಮ್ಲಜನಕವನ್ನು ಕೊಬ್ಬಿನ ತೆಳು ಪೊರೆಯೊಳಗೆ ಕಟ್ಟಿಟ್ಟು, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ತಯಾರಿಸಿತು. ರಕ್ತ ಸೇರಿದ ಕೂಡಲೇ ಕಣಗಳು ತಮ್ಮ ಬುತ್ತಿಯನ್ನು ಕೆಂಪು ರಕ್ತಕಣಗಳಿಗೆ ಒಪ್ಪಿಸುತ್ತವೆ. 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶ್ವಾಸನಾಳವನ್ನು ಸಂಪೂರ್ಣವಾಗಿ ಮುಚ್ಚಿದ ಮೊಲಗಳು ಈ ಚುಚ್ಚುಮದ್ದಿನ ಬಲದಿಂದ 15 ನಿಮಿಷ ಬದುಕಿದ್ದವು.

ಹಾಗೆಂದು ಇದು ಉಸಿರಾಟಕ್ಕೆ ಬದಲಿಯಲ್ಲ. ಆಮ್ಲಜನಕ ಒಳಗೆ ಹೋದರೂ ಇಂಗಾಲದ ಡೈಆಕ್ಸೈಡ್ ಹೊರಬರಲು ದಾರಿಯಿಲ್ಲ. ಕಣಗಳ ಜೊತೆಗೆ ದ್ರವವೂ ದೇಹ ಸೇರುವುದರಿಂದ ಹೆಚ್ಚು ಹೊತ್ತು ನೀಡುವಂತಿಲ್ಲ. ಕೊಬ್ಬಿನ ಪೊರೆಯ ಬದಲು ಪಾಲಿಮರ್ ಪೊರೆಯನ್ನೂ ಅದೇ ತಂಡ ಪರೀಕ್ಷಿಸಿದೆ. ಮನುಷ್ಯರ ನಿತ್ಯ ಚಿಕಿತ್ಸೆಗೆ ಈ ಚುಚ್ಚುಮದ್ದು ಇನ್ನೂ ಬಂದಿಲ್ಲ.

ಆದರೂ ತುರ್ತು ಚಿಕಿತ್ಸೆಯಲ್ಲಿ 15 ನಿಮಿಷವೆಂದರೆ ಅಲ್ಪವೇನಲ್ಲ. ಗಂಟಲಿನ ಅಡ್ಡಿ ತೆಗೆಯಲು, ಕೊಳವೆ ತೂರಿಸಲು, ಯಂತ್ರ ಜೋಡಿಸಲು ವೈದ್ಯರು ಬೇಡುವುದು ಅಷ್ಟೇ ಸಮಯವನ್ನು.