ಲಿಂಕ್‌ನಲ್ಲಿ ‘ಪಹಣಿ’ ಎಂದಿದ್ದರೆ ಅದು ಸರ್ಕಾರದ ಪುಟವೇ?

ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಲಿಂಕ್ ಬಂದಿದೆ ಎಂದುಕೊಳ್ಳಿ. ಅದರಲ್ಲಿ ‘ಭೂಮಿ’, ‘ಪಹಣಿ’, ‘ಕರ್ನಾಟಕ’ ಎಲ್ಲ ಪದಗಳೂ ಇವೆ. ಸರ್ಕಾರದ್ದೇ ಇರಬೇಕೆಂದು ಒಬ್ಬರು ಒತ್ತುತ್ತಾರೆ. ಕೇಳಿದಾಗ ಆಧಾರ್ ಸಂಖ್ಯೆ, ಒಟಿಪಿ ಎರಡನ್ನೂ ಕೊಡುತ್ತಾರೆ. ಹೀಗೆ ಹೆಸರು ನೋಡಿ ನಂಬಬಹುದೇ? ಖಂಡಿತ ಇಲ್ಲ. ಯಾಕೆಂದು ನೋಡೋಣ.

ಹೆಸರಿನಿಂದ ಪುಟ ತೆರೆಯುವುದು ಹೇಗೆ?

ಹೊಲವೊಂದನ್ನು ಊರಿನಲ್ಲಿ ‘ಕೆರೆ ಕೆಳಗಿನ ಹೊಲ’ ಎನ್ನುತ್ತೇವೆ. ದಾಖಲೆಯಲ್ಲಿ ಅದಕ್ಕಿರುವುದು ಸರ್ವೆ ನಂಬರ್. ವೆಬ್‌ಸೈಟ್ ಮತ್ತು ಆ್ಯಪ್‌ಗಳಲ್ಲೂ ಹಾಗೆಯೇ. ಒಳಗಿನ ಪುಟಕ್ಕೆ ಕಂಪ್ಯೂಟರ್ ಬಳಸುವ ಗುರುತು ಬೇರೆ, ನಮಗೆ ಕಾಣುವ ಸುಲಭದ ಹೆಸರು ಬೇರೆ. ಯಾವ ಹೆಸರಿಗೆ ಯಾವ ಪುಟ ಎಂಬ ನಿಯಮಗಳ ಪಟ್ಟಿಯನ್ನು ಸೈಟ್ ಮಾಡಿದವರು ಬರೆದಿಟ್ಟಿರುತ್ತಾರೆ. ಇದಕ್ಕೆ ‘ರೂಟಿಂಗ್’ ಎನ್ನುತ್ತಾರೆ. ನೀವು ಲಿಂಕ್ ಒತ್ತಿದಾಗ ಈ ಪಟ್ಟಿಯ ಪ್ರಕಾರ ಪುಟ ತೆರೆಯುತ್ತದೆ. ಪಟ್ಟಿಯಲ್ಲಿ ಇಲ್ಲದ ಹೆಸರಾದರೆ ‘404’ ಎಂಬ ಸಂದೇಶ ಕಾಣಬಹುದು.

ಈ ಪಟ್ಟಿ ಇರುವುದು ಸೈಟ್ ನಡೆಸುವವರ ಕೈಯಲ್ಲಿ. ‘ಪಹಣಿ’ ಎಂಬ ಹೆಸರಿಟ್ಟು ಯಾವ ಪುಟವನ್ನು ಬೇಕಾದರೂ ಅವರು ತೋರಿಸಬಹುದು. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಅಸಲಿ ಪುಟದಲ್ಲಿ ‘ಪಹಣಿ’ ಎಂದೇ ಇಲ್ಲ!

ಕಂದಾಯ ಇಲಾಖೆಯ ‘ಭೂಮಿ’ ಸೈಟ್‌ನಲ್ಲಿ ಪಹಣಿ ನೋಡುವ ಪುಟದ ವಿಳಾಸ ಹೀಗಿದೆ: ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್ / ಸರ್ವಿಸ್2. (ಮೊಬೈಲ್‌ನಲ್ಲಿ ಇದು ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ.) ಇದರಲ್ಲಿ ‘ಪಹಣಿ’ಯೂ ಇಲ್ಲ, ‘ಭೂಮಿ’ಯೂ ಇಲ್ಲ. ಆದರೂ ಇದೇ ಅಸಲಿ.

ಪರೀಕ್ಷಿಸುವುದು ಹೇಗೆ?

• ‘ಎಚ್‌ಟಿಟಿಪಿಎಸ್’ ಜೊತೆಗಿನ ಎರಡು ಓರೆಗೆರೆ ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆ (/) ಹುಡುಕಿ. ಸೈಟ್ ಯಾರದ್ದೆಂದು ಹೇಳುವುದು ಅದರ ಎಡಗಡೆಯ ಭಾಗ. ಬಲಗಡೆಯದು ಸೈಟ್‌ನವರು ಇಟ್ಟುಕೊಂಡ ಹೆಸರು ಅಷ್ಟೆ.

• ಎಡಭಾಗದ ತುದಿ ನೋಡಿ. ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದೇ ಮುಗಿಯಬೇಕು. ‘ಗವ್ ಡಾಟ್ ಇನ್’ ಸಿಗುವುದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಅದರ ನಂತರ ಇನ್ನೊಂದು ಡಾಟ್, ಇನ್ನೊಂದು ಹೆಸರು ಬಂದರೆ ಅದು ಬೇರೆಯವರ ಸೈಟ್.

• ‘ಗವ್’ ಹಿಂದೆ ಚುಕ್ಕೆಯ ಬದಲು ಅಡ್ಡಗೆರೆ (-) ಇದ್ದರೆ ನಂಬಬೇಡಿ. ಅಂಥ ಹೆಸರನ್ನು ಖಾಸಗಿಯವರೂ ಕೊಳ್ಳಬಹುದು.

• ಬೀಗದ ಚಿಹ್ನೆ ಸಾಕ್ಷಿಯಲ್ಲ. ಮಾಹಿತಿ ಗುಟ್ಟಾಗಿ ಹೋಗುತ್ತದೆ ಎಂದಷ್ಟೇ ಅದರ ಅರ್ಥ; ಯಾರಿಗೆ ಹೋಗುತ್ತದೆ ಎಂದಲ್ಲ.

• ಚಿಕ್ಕದಾಗಿಸಿದ ಲಿಂಕ್‌ನಲ್ಲಿ ನಿಜವಾದ ವಿಳಾಸ ಕಾಣುವುದಿಲ್ಲ. ಅಂಥದ್ದನ್ನು ಒತ್ತದೆ, ಸೈಟ್ ವಿಳಾಸವನ್ನು ನೀವೇ ಟೈಪ್ ಮಾಡಿ.

ಅನುಮಾನ ಉಳಿದರೆ ನಾಡಕಚೇರಿಯಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಆ ಲಿಂಕ್ ನಿಮ್ಮ ಫೋನಿನಲ್ಲೇ ಇರಲಿ, ಮುಂದೆ ಕಳಿಸಬೇಡಿ. ನೀವು ಕಳಿಸಿದಿರಿ ಎಂಬ ಒಂದೇ ಕಾರಣಕ್ಕೆ ಅದನ್ನು ಒತ್ತುವವರು ಇರುತ್ತಾರೆ.