ಗೋಡೆಯ ಮೇಲಿನ ಫೋಟೋ ನಿಮ್ಮನ್ನೇ ದಿಟ್ಟಿಸುತ್ತಿದೆಯೇ? ಇಲ್ಲಿದೆ ಅಸಲಿ ಕಾರಣ

“ಈ ಚಿತ್ರದ ಕಣ್ಣುಗಳು ನೀವು ಹೋದಲ್ಲೆಲ್ಲ ನಿಮ್ಮನ್ನೇ ನೋಡುತ್ತವೆ. ಇದು ಪವಾಡ! ಕೂಡಲೇ 11 ಜನರಿಗೆ ಕಳುಹಿಸಿ.” ಇಂತಹ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ತೀರಿಹೋದ ಅಜ್ಜನ ಫೋಟೋ ದಿಟ್ಟಿಸುತ್ತದೆ ಎಂದು ಹೆದರಿ ಅದನ್ನು ಗೋಡೆಯಿಂದ ಇಳಿಸುವವರೂ ಇದ್ದಾರೆ.

ಕಣ್ಣು ಹಿಂಬಾಲಿಸಿದಂತೆ ಕಾಣುವುದು ನಿಜ. ಆದರೆ ಅದು ಪವಾಡವಲ್ಲ, ದೆವ್ವದ ಕಾಟವೂ ಅಲ್ಲ. ಕಾರಣ ತಿಳಿಯಲು ಚಿತ್ರಕಲೆಯ ನಾಲ್ಕು ಪದ ಗೊತ್ತಿದ್ದರೆ ಸಾಕು.

ಸಮತಲ: ಕಾಗದ, ಕ್ಯಾನ್ವಾಸ್, ಮೊಬೈಲ್ ಪರದೆಯಂತಹ ಚಪ್ಪಟೆ ಮೇಲ್ಮೈ. ಇದರ ಮೇಲಿನ ಚಿತ್ರಕ್ಕೆ ಉದ್ದ ಮತ್ತು ಅಗಲ ಮಾತ್ರ ಇರುತ್ತವೆ. ಅದಕ್ಕೇ ಇದನ್ನು ಎರಡು ಆಯಾಮದ ಕಲೆ ಎನ್ನುತ್ತಾರೆ.

ರೇಖೆ: ಪೆನ್ಸಿಲ್ ತುದಿ ಸಾಗಿದ ದಾರಿ.

ಆಕಾರ: ರೇಖೆ ಸುತ್ತಿ ಬಂದು ಹೊರಟಲ್ಲಿಗೇ ಸೇರಿದಾಗ ಮೂಡುವುದು. ಚಿತ್ರದ ಕಣ್ಣು ಎಂದರೆ ಬಾದಾಮಿ ಆಕಾರದೊಳಗೆ ಒಂದು ವೃತ್ತ, ಅಷ್ಟೇ.

ಛಾಯೆ: ಬಣ್ಣದ ತಿಳಿ ಮತ್ತು ಗಾಢದ ಪ್ರಮಾಣ. ವೃತ್ತದ ಒಂದು ಬದಿಯನ್ನು ಕ್ರಮೇಣ ಗಾಢ ಮಾಡಿದರೆ ಅದು ಚೆಂಡಿನಂತೆ ಉಬ್ಬಿ ಕಾಣುತ್ತದೆ. ಆದರೆ ಈ ಆಳ ಬರೀ ಭ್ರಮೆ.

ಹಾಗಾದರೆ ಕಣ್ಣು ಹಿಂಬಾಲಿಸುವುದೇಕೆ?

ಕಲ್ಲಿನ ಮೂರ್ತಿಯ ಪಕ್ಕಕ್ಕೆ ಸರಿದರೆ ನಮಗೆ ಅದರ ಕಿವಿ, ಕೆನ್ನೆ ಕಾಣುತ್ತವೆ. ಅದು ನಮ್ಮನ್ನು ನೋಡುತ್ತಿಲ್ಲ ಎಂದು ತಕ್ಷಣ ಗೊತ್ತಾಗುತ್ತದೆ. ಚಿತ್ರದಲ್ಲಿ ಹಾಗಲ್ಲ. ಎಲ್ಲಿ ನಿಂತು ನೋಡಿದರೂ ಕಪ್ಪು ಗುಡ್ಡೆ ಕಣ್ಣಿನ ಬಿಳಿಯ ನಡುವೆಯೇ ಇರುತ್ತದೆ. ಚಿತ್ರ ಸ್ವಲ್ಪ ಕಿರಿದಾಗಿ ಕಾಣಬಹುದು, ನೆರಳು-ಬೆಳಕು ಬದಲಾಗುವುದಿಲ್ಲ. ಹಾಗಾಗಿ ಮಿದುಳು “ಇದು ನನ್ನನ್ನೇ ನೋಡುತ್ತಿದೆ” ಎಂದುಕೊಳ್ಳುತ್ತದೆ.

ಇದಕ್ಕೆ ‘ಮೋನಾಲಿಸಾ ಪರಿಣಾಮ’ ಎಂಬ ಹೆಸರಿದೆ. ತಮಾಷೆಯೆಂದರೆ, 2019ರಲ್ಲಿ ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪರದೆಯ ಮೇಲೆ ಮೋನಾಲಿಸಾ ಚಿತ್ರ ತೋರಿಸಿ ಅಳೆದಾಗ, ಆಕೆಯ ನೋಟ ನೋಡುಗರಿಂದ ಸರಾಸರಿ ಸುಮಾರು 15 ಡಿಗ್ರಿ ಪಕ್ಕಕ್ಕಿತ್ತು!

ನೀವೇ ಪರೀಕ್ಷಿಸಿ

ಮೊಬೈಲ್‌ನಲ್ಲಿ ನಿಮ್ಮದೇ ಎರಡು ಫೋಟೋ ತೆರೆಯಿರಿ. ಒಂದರಲ್ಲಿ ನೀವು ಕ್ಯಾಮೆರಾವನ್ನು ನೇರವಾಗಿ ನೋಡುತ್ತಿರಬೇಕು, ಇನ್ನೊಂದರಲ್ಲಿ ಬೇರೆಡೆ. ಪರದೆಯನ್ನು ಎಡಕ್ಕೂ ಬಲಕ್ಕೂ ಓರೆ ಮಾಡಿ. ಮೊದಲನೆಯದು ನಿಮ್ಮನ್ನು ಬಿಡುವುದಿಲ್ಲ, ಎರಡನೆಯದು ಎಷ್ಟು ತಿರುಗಿಸಿದರೂ ನಿಮ್ಮತ್ತ ನೋಡುವುದಿಲ್ಲ.

ಅಜ್ಜ ಅಂದು ಕ್ಯಾಮೆರಾವನ್ನು ನೇರವಾಗಿ ನೋಡಿದ್ದರು, ಅಷ್ಟೇ. ಫೋಟೋ ಗೋಡೆಯ ಮೇಲೇ ಇರಲಿ. ಅಳಿಸಬೇಕಾದದ್ದು ಆ ಫಾರ್ವರ್ಡ್ ಮಾತ್ರ.