ಕೆಸರಿಗೂ ಮೊಸರಿಗೂ ನಡುವೆ

'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯನ್ನು ತರಗತಿಯಲ್ಲಿ ವಿವರಿಸುವಾಗಲೆಲ್ಲ ನನಗೊಂದು ಸಂದೇಹ ಸುಳಿಯುತ್ತದೆ. ಕೆಸರಿಗೂ ಮೊಸರಿಗೂ ನಡುವೆ ಕೈ ತೊಳೆಯಬೇಕೆಂಬ ಮಾತನ್ನು ಗಾದೆ ಕಟ್ಟಿದವರು ಬಿಟ್ಟುದೇಕೆ? ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವಿಲ್ಲವೆಂದು ಬಗೆದರೋ ಏನೋ.

ಭಟ್ಕಳದ ಬಳಿಯ ಮುಟ್ಟಳ್ಳಿಯಲ್ಲಿ ನನ್ನ ಅಜ್ಜಿಮನೆ. ನಾನು ಹುಡುಗನಾಗಿದ್ದಾಗ ಅಲ್ಲಿ ಗದ್ದೆಯಿಂದ ಬಂದವರು ಬಾವಿಕಟ್ಟೆಗೆ ಹೋಗದೆ ಜಗಲಿ ಹತ್ತುವಂತಿರಲಿಲ್ಲ. "ಕೈಕಾಲ್ ತೊಳ್ಕಂಡು ಬಾ" ಎಂಬ ಅಜ್ಜಿಯ ಕೂಗು ಊಟದ ಕರೆಗಿಂತ ಮೊದಲೇ ಕೇಳಿಸುತ್ತಿತ್ತು. ಆದರೆ ತೊಳೆಯುವುದೆಂದರೆ ಒಂದು ತಂಬಿಗೆ ನೀರು ಸುರಿದುಕೊಳ್ಳುವುದು, ಅಷ್ಟೆ. ಬಚ್ಚಲ ಗೂಡಿನಲ್ಲಿದ್ದ ಕೆಂಪು ಲೈಫ್‌ಬಾಯ್ ಸೋಪು ಸ್ನಾನಕ್ಕೆ ಮೀಸಲು. ಊಟಕ್ಕೆ ಮುಂಚೆ ಅದನ್ನು ಮುಟ್ಟಿದರೆ ದುಂದುಗಾರಿಕೆ. ಒಂದು ಮಳೆಗಾಲದಲ್ಲಿ ನೆರೆಮನೆಯ ಮಗು ವಾಂತಿಭೇದಿಯಿಂದ ತೀರಿಕೊಂಡಿತು. ದೃಷ್ಟಿ ತಾಗಿತೆಂದು ಹಿರಿಯರು ನಿಟ್ಟುಸಿರಿಟ್ಟರು. ಕೈಯ ಮೇಲೆ ಯಾರಿಗೂ ಸಂಶಯ ಬರಲಿಲ್ಲ.

ಕಣ್ಣಿಗೆ ಕಾಣದ ಕೊಳೆಯನ್ನು ನಂಬುವುದು ವೈದ್ಯರಿಗೂ ಸುಲಭವಾಗಿರಲಿಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಶವಪರೀಕ್ಷೆ ಮಾಡಿದ ಕೈಯನ್ನು ಸುಣ್ಣದ ಕ್ಲೋರಿನ್ ದ್ರಾವಣದಲ್ಲಿ ತೊಳೆಯಿಸಿ ಬಾಣಂತಿಯರ ಸಾವನ್ನು ಬಹಳ ಇಳಿಸಿದನು. ಆದರೂ ಸಹೋದ್ಯೋಗಿಗಳಲ್ಲಿ ಹಲವರು ಅವನನ್ನು ನಂಬಲಿಲ್ಲ. 1865ರಲ್ಲಿ ಲಿಸ್ಟರನು ಕಾರ್ಬಾಲಿಕ್ ಆಮ್ಲವನ್ನು ಶಸ್ತ್ರಚಿಕಿತ್ಸೆಗೆ ತಂದನು. ಅದೇ ಕಾರ್ಬಾಲಿಕ್ಕನ್ನು ಸಾಬೂನಿಗೆ ಬೆರೆಸಿ ಲೀವರ್ ಕಂಪನಿ 1894ರಲ್ಲಿ ಲೈಫ್‌ಬಾಯನ್ನು ಹೊರತಂದಿತು. ಮರುವರ್ಷವೇ ಅದು ಭಾರತಕ್ಕೆ ಬಂದಿತು. ಮುಳುಗುವವನಿಗೆ ಎಸೆಯುವ ತೇಲುಬಳೆಯ ಹೆಸರು ಅದು.

ಸುಮಾರು ನೂರು ವರ್ಷಗಳ ತರುವಾಯ, 2002ರಲ್ಲಿ, ಹಿಂದೂಸ್ಥಾನ್ ಲೀವರ್ ಕಂಪನಿ 'ಸ್ವಾಸ್ಥ್ಯ ಚೇತನಾ' ಎಂಬ ಹೆಸರಿನಲ್ಲಿ ಎಂಟು ರಾಜ್ಯಗಳ ಹಳ್ಳಿಯ ಶಾಲೆಗಳಿಗೆ ಹೊರಟಿತು. ಮಕ್ಕಳ ಕೈಗೆ ಒಂದು ಬಗೆಯ ಪುಡಿ ಹಚ್ಚಿ, ಬರಿಯ ನೀರಿನಲ್ಲಿ ತೊಳೆಯಿಸಿ, ನೇರಳಾತೀತ ದೀಪದ ಕೆಳಗೆ ಹಿಡಿಸುತ್ತಿದ್ದರು. ಶುದ್ಧವೆಂದುಕೊಂಡ ಅಂಗೈ ಮಿನುಗುತ್ತಿತ್ತು. ಸೋಪು ಹಾಕಿ ತೊಳೆದರೆ ಮಿನುಗು ಮಾಯ. ಅಜ್ಜಿಯ ಒಂದು ತಂಬಿಗೆ ನೀರಿಗೆ ಇದಕ್ಕಿಂತ ಒಳ್ಳೆಯ ಉತ್ತರವುಂಟೆ?

ವ್ಯಾಪಾರಿಗೆ ಇದರಲ್ಲಿ ಲಾಭವಿತ್ತು, ಮುಚ್ಚುಮರೆಯೇನೂ ಇಲ್ಲ. ಸೋಪು ಮಾರುವವರು ಪಾಠ ಹೇಳುವುದೇ ಎಂದು ಕೇರಳದಲ್ಲಿ ಇಂಥದೇ ಇನ್ನೊಂದು ಯೋಜನೆಗೆ ಆಗ ಪ್ರತಿಭಟನೆಯೂ ಎದ್ದಿತು. ಆಕ್ಷೇಪ ಹುರುಳಿಲ್ಲದ್ದಲ್ಲ. ಆದರೆ ಕರಾಚಿಯ ಬಡ ಬಸ್ತಿಗಳಲ್ಲಿ, ಇನ್ನೊಂದು ಸೋಪಿನ ಕಂಪನಿಯ ನೆರವಿನಿಂದಲೇ ನಡೆದು 2005ರಲ್ಲಿ ಪ್ರಕಟವಾದ ಸಂಶೋಧನೆಯ ಫಲ ನೋಡಿ: ಸೋಪಿನಿಂದ ಕೈ ತೊಳೆಯುವುದನ್ನು ರೂಢಿಸಿದ ಮನೆಗಳ ಮಕ್ಕಳಲ್ಲಿ ಭೇದಿ ಸುಮಾರು ಅರ್ಧದಷ್ಟು ಇಳಿಯಿತು; ರೋಗಾಣುನಾಶಕ ಸೋಪಿಗೂ ಸಾದಾ ಸೋಪಿಗೂ ವ್ಯತ್ಯಾಸವೇ ಕಾಣಲಿಲ್ಲ. ಅಂದರೆ ಮಗುವನ್ನು ಉಳಿಸುವುದು ಸೋಪಿನ ಹೆಸರಲ್ಲ, ಅಭ್ಯಾಸ. ಪಾಠವನ್ನು ವ್ಯಾಪಾರಿ ಹೇಳಿಕೊಡಬಹುದು. ಶಾಲೆಯಲ್ಲಿ ನಲ್ಲಿ, ನೀರು, ಒಂದು ತುಂಡು ಸೋಪು ಇರುವಂತೆ ನೋಡಿಕೊಳ್ಳುವ ಹೊಣೆ ನಮ್ಮದು.

ಈಚೆಗೆ ಮುಟ್ಟಳ್ಳಿಗೆ ಹೋಗಿದ್ದೆ. ಅಜ್ಜಿ ಇಲ್ಲ, ಬಾವಿಕಟ್ಟೆ ಇದೆ. ಒಂದು ತಂಬಿಗೆ ನೀರು ಸುರಿದುಕೊಂಡು ಎಲೆಯ ಮುಂದೆ ಕುಳಿತೆ. "ಮಾವಾ, ಸೋಪು ಹಾಕಿದ್ರಾ?" ಎಂದಳು ಶಾಲೆಗೆ ಹೋಗುವ ಪುಟ್ಟ ಸೊಸೆ. ಮೇಷ್ಟರು ತೆಪ್ಪಗೆ ಎದ್ದೆ. ಕಟ್ಟೆಯ ಮೇಲೊಂದು ಸೋಪಿನ ಚೂರಿತ್ತು. ಅದರ ಮೇಲಿನ ಹೆಸರು ಸವೆದುಹೋಗಿತ್ತು.